ಹೈಡ್ರೋಪೋನಿಕ್ಸ್ ಗಿಡದ ಬೇರು ನೀರಿಗೆ ಏನು ಬಿಡುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಣ್ಣಿಲ್ಲದೆ ನೀರಲ್ಲಿ ಬೆಳೆಸಿದ ಗಿಡದಿಂದ ಹೊರಬರುವ ರಾಸಾಯನಿಕಗಳನ್ನು ಹಿಡಿದು ಅಳೆಯಲು ಹೊರಟವರಿಗೆ ಈ ಪುಟ. ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗಳೂ ಇವೆ, ಬೆಳೆಗಾರರು ಕೇಳುವ ಪ್ರಶ್ನೆಗಳೂ ಇವೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಿಮ್ಮ ಬಾಟಲಿಯಲ್ಲಿ ಸಿಗುವುದು ಬೇರು ಬಿಟ್ಟದ್ದೆಲ್ಲ ಅಲ್ಲ. ಬೇರು ಬಿಟ್ಟು, ಅದರಲ್ಲಿ ಒಂದಷ್ಟನ್ನು ತಾನೇ ವಾಪಸ್ ಹೀರಿಕೊಂಡು, ಇನ್ನೊಂದಷ್ಟನ್ನು ಬ್ಯಾಕ್ಟೀರಿಯಾ ತಿಂದು, ಮತ್ತಷ್ಟು ಪಾತ್ರೆಗೆ ಅಂಟಿ, ಕೊನೆಗೆ ಉಳಿದದ್ದು. ಕೆಳಗಿನ ಕೆಲವು ಉತ್ತರಗಳು ಉದ್ದವಾಗಿರುವುದು ಇದೇ ಕಾರಣಕ್ಕೆ.

ಬೇರು ಏನೇನು ಬಿಡುತ್ತದೆ?

ಗ್ಲೂಕೋಸ್, ಫ್ರಕ್ಟೋಸ್, ಸುಕ್ರೋಸ್‌ನಂಥ ಸಕ್ಕರೆಗಳು. ಅಮೈನೋ ಆಮ್ಲಗಳು. ಸಿಟ್ರಿಕ್, ಮ್ಯಾಲಿಕ್, ಆಕ್ಸಾಲಿಕ್‌ನಂಥ ಸಾವಯವ ಆಮ್ಲಗಳು. ಫೀನಾಲಿಕ್‌ಗಳು, ಫ್ಲೇವನಾಯ್ಡ್‌ಗಳು. ಇವೆಲ್ಲ ಸಣ್ಣ ಅಣುಗಳು. ದೊಡ್ಡವುಗಳಲ್ಲಿ ಕಿಣ್ವಗಳಿವೆ, ಬೇರಿನ ತುದಿಯಲ್ಲಿ ಕೈಗೆ ಜಾರುವ ಲೋಳೆಯೂ ಇದೆ. ಇದರ ಜೊತೆಗೆ ಹೈಡ್ರೋಜನ್ ಅಯಾನು, ಬೈಕಾರ್ಬೊನೇಟ್, ಉಸಿರಾಟದ ಇಂಗಾಲದ ಡೈಆಕ್ಸೈಡ್. ಜೀವಂತ ಕೋಶಗಳೂ ಉದುರುತ್ತವೆ. ಬಟಾಣಿ ಬೇರಿನ ತುದಿಯನ್ನು ನೀರಿಗೆ ಅದ್ದಿ ಸೂಕ್ಷ್ಮದರ್ಶಕದಲ್ಲಿ ನೋಡಿ. ತುದಿಗೆ ಅಂಟಿಕೊಂಡಿದ್ದ ಕೋಶಗಳು ನೋಡನೋಡುತ್ತಲೇ ಮೋಡದ ಹಾಗೆ ಚದುರಿಹೋಗುತ್ತವೆ.

ಒಟ್ಟಾಗಿ ಇವನ್ನು ಬೇರಿನ ಸ್ರಾವ ಎನ್ನುತ್ತಾರೆ. ಬೇರಿನ ಸುತ್ತಲಿನ ಈ ಪ್ರದೇಶಕ್ಕೆ ರೈಜೋಸ್ಫಿಯರ್ ಎಂದು 1904ರಲ್ಲಿ ಹೆಸರಿಟ್ಟವರು ಜರ್ಮನಿಯ ಲೊರೆಂಜ್ ಹಿಲ್ಟ್‌ನರ್.

ಕಷ್ಟಪಟ್ಟು ಮಾಡಿಕೊಂಡ ಸಕ್ಕರೆಯನ್ನು ಗಿಡ ಹೊರಗೆ ಯಾಕೆ ಚೆಲ್ಲುತ್ತದೆ?

ಒಂದಷ್ಟು ಬರೀ ಸೋರಿಕೆ. ಕೋಶದ ಒಳಗೆ ಸಕ್ಕರೆಯೂ ಅಮೈನೋ ಆಮ್ಲವೂ ಮಿಲಿಮೋಲಾರ್ ಮಟ್ಟದಲ್ಲಿರುತ್ತವೆ. ಹೊರಗೆ ಅದಕ್ಕಿಂತ ಎಷ್ಟೋ ಕಡಿಮೆ. ಗಟ್ಟಿ ಇರುವ ಕಡೆಯಿಂದ ತೆಳು ಇರುವ ಕಡೆಗೆ ತಾನಾಗಿ ಹರಿಯುತ್ತದೆ. ಇದಕ್ಕೆ ಉದ್ದೇಶ ಹುಡುಕುತ್ತಾ ಕೂರಬೇಕಾಗಿಲ್ಲ.

ಇನ್ನೊಂದಷ್ಟು ಮಾತ್ರ ಗಿಡ ಬೇಕೆಂದೇ ಬಿಡುವುದು. ಈ ಕ್ಷೇತ್ರದ ನಿಜವಾದ ಸ್ವಾರಸ್ಯ ಇರುವುದು ಇಲ್ಲಿ. ಬಾರ್ಲಿ ಗಿಡಕ್ಕೆ ಕಬ್ಬಿಣ ಸಾಲದೆ ಬಂದರೆ ಬೇರಿನಿಂದ ಮ್ಯುಜಿನಿಕ್ ಆಮ್ಲ ಹೊರಬರುತ್ತದೆ. ಅದು ಕರಗದ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಬೇರು ಆ ಜೋಡಿಯನ್ನೇ ಒಳಗೆ ಎಳೆದುಕೊಳ್ಳುತ್ತದೆ. ಜಪಾನಿನ ವಿಜ್ಞಾನಿಗಳು 1970ರ ದಶಕದಲ್ಲಿ ಬೇರು ತೊಳೆದ ನೀರಿನಲ್ಲೇ ಇದನ್ನು ಕಂಡುಕೊಂಡರು. ಅಲ್ಯುಮಿನಿಯಂ ತಡೆದುಕೊಳ್ಳುವ ಗೋಧಿ ತಳಿಗಳ ಬೇರಿನ ತುದಿ ಮ್ಯಾಲಿಕ್ ಆಮ್ಲ ಬಿಡುತ್ತದೆ. ಅದು ಅಲ್ಯುಮಿನಿಯಂ ಅನ್ನು ಕಟ್ಟಿಹಾಕಿ ವಿಷ ಇಳಿಸುತ್ತದೆ. ಆ ಆಮ್ಲ ಹೊರಹೋಗುವ ಬಾಗಿಲು ಯಾವುದೆಂದೂ ಗೊತ್ತಾಗಿದೆ. ಆ ಪ್ರೋಟೀನಿನ ಜೀನ್ 2004ರಲ್ಲಿ ಸಿಕ್ಕಿತು. ಬಿಳಿ ಲುಪಿನ್‌ಗೆ ರಂಜಕ ಸಾಲದೆ ಹೋದರೆ ಬಾಟಲಿ ತೊಳೆಯುವ ಬ್ರಷ್ಷಿನಂಥ ಗೊಂಚಲು ಬೇರು ಮೂಡುತ್ತದೆ, ಅದರಿಂದ ಸಿಟ್ರಿಕ್ ಆಮ್ಲ ಧಾರಾಳವಾಗಿ ಬರುತ್ತದೆ. ತೊಗರಿಯ ದಾರಿ ಇನ್ನೊಂದು. ಅದರ ಬೇರು ಬಿಡುವ ಪಿಸಿಡಿಕ್ ಆಮ್ಲ ಕಬ್ಬಿಣಕ್ಕೆ ಅಂಟಿ ಕೂತ ರಂಜಕವನ್ನು ಬಿಡಿಸುತ್ತದೆ ಎಂದು 1990ರಲ್ಲಿ ವರದಿಯಾಯಿತು.

ಕೆಲವೊಮ್ಮೆ ಗಿಡ ಯಾರಿಗೋ ಕಳಿಸಿದ ಸುದ್ದಿ ಇನ್ಯಾರೋ ಕದ್ದು ಕೇಳಿಸಿಕೊಳ್ಳುತ್ತಾರೆ. ಸ್ಟ್ರೈಗಾ ಒಂದು ಪರಾವಲಂಬಿ ಕಳೆ. ಅದರ ಬೀಜವನ್ನು ಮೊಳೆಸುವ ಸ್ಟ್ರೈಗಾಲ್ ಎಂಬ ವಸ್ತು 1966ರಲ್ಲಿ ಹತ್ತಿಯ ಬೇರಿನ ಸ್ರಾವದಲ್ಲಿ ಸಿಕ್ಕಿತು. ಹತ್ತಿಯ ಮೇಲೆ ಸ್ಟ್ರೈಗಾ ಬೆಳೆಯುವುದೇ ಇಲ್ಲ! ತನ್ನ ಶತ್ರುವೂ ಅಲ್ಲದ ಕಳೆಯನ್ನು ಗಿಡ ಯಾಕೆ ಎಬ್ಬಿಸಬೇಕು? ಉತ್ತರ ಸಿಕ್ಕಿದ್ದು 2005ರಲ್ಲಿ. ಸ್ಟ್ರೈಗೋಲ್ಯಾಕ್ಟೋನ್ ಎಂಬ ಈ ಗುಂಪಿನ ವಸ್ತುಗಳನ್ನು ಗಿಡ ಬಿಡುವುದು ಬೇರಿಗೆ ರಂಜಕ ತಂದುಕೊಡುವ ಮೈಕೋರೈಜಾ ಶಿಲೀಂಧ್ರವನ್ನು ಕರೆಯಲು. ಕಳೆ ಆ ಕರೆಯ ಲಾಭ ಪಡೆಯುತ್ತಿತ್ತು ಅಷ್ಟೇ.

ಒಟ್ಟು ಎಷ್ಟು ಇಂಗಾಲ ಹೀಗೆ ಹೊರಹೋಗುತ್ತದೆ?

ಗಿಡ ಹಿಡಿದ ಇಂಗಾಲದಲ್ಲಿ ಶೇ 5ರಿಂದ 20 ಎಂಬ ಅಂದಾಜನ್ನು ಜಾಸ್ತಿ ನೋಡುತ್ತೀರಿ. ಗಿಡದ ಜಾತಿ, ವಯಸ್ಸು, ಬೆಳಕು, ಅಳೆದ ವಿಧಾನ ಬದಲಾದರೆ ಈ ಸಂಖ್ಯೆಯೂ ಬದಲಾಗುತ್ತದೆ. ಎಳೆಯ ಗಿಡ ಹೆಚ್ಚು ಬಿಡುತ್ತದೆ. ನಿಮ್ಮ ವರದಿಯಲ್ಲಿ ಈ ಅಂದಾಜನ್ನು ಹಾಗೇ ಎತ್ತಿ ಹಾಕಬೇಡಿ. ನಿಮ್ಮ ಗಿಡದ್ದನ್ನು ನೀವೇ ಅಳೆಯಿರಿ.

ಮಣ್ಣಲ್ಲೇ ಅಧ್ಯಯನ ಮಾಡಬಹುದಲ್ವಾ? ನೀರೇ ಯಾಕೆ?

ಮಣ್ಣಲ್ಲಿ ಸ್ರಾವ ಹೊರಬಂದ ಕೂಡಲೇ ಜೇಡಿ ಕಣಗಳಿಗೆ ಅಂಟುತ್ತದೆ. ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಗಂಟೆಗಳಲ್ಲಿ ಮುಗಿಸಿಬಿಡುತ್ತವೆ. ಮಣ್ಣಿನ ಸ್ವಂತ ಸಾವಯವ ವಸ್ತು ಬೇರೆ ಇರುತ್ತದೆ, ಯಾವುದು ಬೇರಿನದು ಯಾವುದು ಮಣ್ಣಿನದು ಅಂತ ಬಿಡಿಸುವುದು ಕಷ್ಟ. ಬೇರನ್ನು ಮಣ್ಣಿಂದ ಕಿತ್ತರೆ ಎಳೆಬೇರು ಹರಿದು, ಒಳಗಿನದೆಲ್ಲ ಹೊರಗೆ ಬರುತ್ತದೆ.

ನೀರಲ್ಲಿ ಇಡೀ ಬೇರು ಕಣ್ಣಿಗೆ ಕಾಣುತ್ತದೆ. ಕೀಳದೆ ಎತ್ತಬಹುದು. ಒಂದೇ ಪೋಷಕಾಂಶ ಬದಲಿಸಿ ಪರಿಣಾಮ ನೋಡಬಹುದು. ಇವತ್ತು ಕಬ್ಬಿಣ ಕೊಟ್ಟು ನಾಳೆ ನಿಲ್ಲಿಸಬಹುದು. ಮಣ್ಣಲ್ಲಿ ಇದು ಆಗದ ಮಾತು.

ಹಾಗಾದರೆ ನೀರಲ್ಲಿ ಸಿಕ್ಕಿದ್ದೇ ಮಣ್ಣಲ್ಲೂ ನಡೆಯುತ್ತದೆ ಎಂದುಕೊಳ್ಳಬಹುದಾ?

ಬೇಡ. ನೀರಲ್ಲಿ ಬೆಳೆದ ಬೇರಿನ ಸ್ವಭಾವವೇ ಬೇರೆ. ಅನೇಕ ಗಿಡಗಳಿಗೆ ನೀರಲ್ಲಿ ಬೇರುರೋಮ ಕಡಿಮೆ ಬರುತ್ತದೆ. ಜೋಳದ ಸಾರ್ಗೋಲಿಯೋನ್ ಇದಕ್ಕೆ ಒಳ್ಳೆ ಉದಾಹರಣೆ. ಅದು ಬೇರುರೋಮದ ತುದಿಯಿಂದ ಹಳದಿ ಎಣ್ಣೆಯ ಹನಿಯಾಗಿ ಬರುವ ವಸ್ತು, ಅಕ್ಕಪಕ್ಕದ ಕಳೆಗಳ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತದೆ. ನೀರಲ್ಲಿ ಮುಳುಗಿಸಿ ಬೆಳೆಸಿದರೆ ರೋಮವೂ ಕಡಿಮೆ, ಹನಿಯೂ ಕಡಿಮೆ. ಅದಕ್ಕೇ ಜೋಳವನ್ನು ಒದ್ದೆ ಕಾಗದ ಅಥವಾ ಒದ್ದೆ ಚಾಪೆಯ ಮೇಲೆ ಬೆಳೆಸಿ ಸಂಗ್ರಹಿಸುತ್ತಾರೆ. ಜೊತೆಗೆ, ಅದು ನೀರಿಗೆ ಬೆರೆಯುವ ವಸ್ತುವಲ್ಲ. ಬೇರನ್ನು ಕೆಲವೇ ಸೆಕೆಂಡು ದ್ರಾವಕದಲ್ಲಿ ಅದ್ದಿ ತೆಗೆಯಬೇಕು.

ಮಣ್ಣಿನ ಒತ್ತಡದ ವಿಷಯವೂ ಇದೆ. ಗಾಜಿನ ಮಣಿಗಳ ನಡುವೆ ಬೆಳೆದ ಬಾರ್ಲಿ ಬೇರು ಬರೀ ನೀರಲ್ಲಿ ಬೆಳೆದದ್ದಕ್ಕಿಂತ ಹೆಚ್ಚು ಸ್ರವಿಸುತ್ತದೆ ಎಂದು 1974ರಲ್ಲೇ ತೋರಿಸಲಾಗಿತ್ತು. ಹಾಗಾಗಿ ಗಾಜಿನ ಮಣಿ, ತೊಳೆದ ಮರಳು ಬಳಸುವ ಅರೆ ಹೈಡ್ರೋಪೋನಿಕ್ಸ್ ಈಗ ಅನೇಕರಿಗೆ ಇಷ್ಟ. ನಮಗೂ ಅದೇ ಒಳ್ಳೆಯ ನಡುದಾರಿ ಅನ್ನಿಸುತ್ತದೆ. ಮರಳಾದರೆ ಅದು ಏನನ್ನು ಹೀರಿಟ್ಟುಕೊಳ್ಳುತ್ತದೆ ಎಂದು ಮೊದಲು ಪರೀಕ್ಷಿಸಿ.

ತೊಟ್ಟಿಯ ಪೋಷಕ ದ್ರಾವಣವನ್ನೇ ನೇರ ಪರೀಕ್ಷೆಗೆ ಕಳಿಸಿದರೆ ಆಗಲ್ವಾ?

ಕಳಿಸಬಹುದು, ಆದರೆ ಬಂದ ಉತ್ತರದ ಅರ್ಥ ತಿಳಿಯುವುದು ಕಷ್ಟ. ದ್ರಾವಣದಲ್ಲಿ ಉಪ್ಪು ಜಾಸ್ತಿ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಆ ಉಪ್ಪು ನಿಮಗೆ ಬೇಕಾದ ವಸ್ತುವಿನ ಸಂಕೇತವನ್ನು ಅಡಗಿಸಿಬಿಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ನೀವೇ ಹಾಕಿದ ಇಂಗಾಲ. ಕಬ್ಬಿಣವನ್ನು ಕರಗಿಸಿಡಲು ಹಾಕುವ ಇಡಿಟಿಎ ಒಂದು ಸಾವಯವ ವಸ್ತು. ಪಿಎಚ್ ಹಿಡಿದಿಡಲು ಕೆಲವರು ಹಾಕುವ ಎಂಇಎಸ್ ಬಫರ್ ಕೂಡ ಸಾವಯವವೇ. ಒಟ್ಟು ಸಾವಯವ ಇಂಗಾಲ ಅಳೆದರೆ ಇವೆಲ್ಲ ಗಿಡದ ಲೆಕ್ಕಕ್ಕೆ ಸೇರಿಕೊಳ್ಳುತ್ತವೆ. ಹೋಗ್‌ಲ್ಯಾಂಡ್ ಮತ್ತು ಆರ್ನನ್ ಅವರ ಹಳೆಯ ಪೋಷಕ ದ್ರಾವಣದ ಪಾಕದಲ್ಲಿ ಕಬ್ಬಿಣ ಬರುತ್ತಿದ್ದದ್ದು ಟಾರ್ಟ್ರೇಟ್ ಆಗಿ. ಆ ಪಾಕ ಹಿಡಿದು ಬೆಳೆಸಿ, ಆಮೇಲೆ "ನಮ್ಮ ಗಿಡ ಟಾರ್ಟಾರಿಕ್ ಆಮ್ಲ ಬಿಡುತ್ತದೆ" ಎಂದರೆ ಯಾರೂ ಒಪ್ಪುವುದಿಲ್ಲ.

ಬೆಳೆಸುವ ದ್ರಾವಣ ಬೇರೆ, ಸಂಗ್ರಹಿಸುವ ದ್ರಾವಣ ಬೇರೆ. ಇದು ಮೊದಲ ನಿಯಮ.

ಸಂಗ್ರಹಿಸುವ ಕ್ರಮ ಹೇಳ್ತೀರಾ?

ಹೇಳುತ್ತೇವೆ, ಸ್ವಲ್ಪ ವಿವರವಾಗಿಯೇ.

ಗಿಡವನ್ನು ತೊಟ್ಟಿಯಿಂದ ಎತ್ತುವಾಗ ಬುಡ ಹಿಡಿಯಿರಿ, ಬೇರಿಗೆ ಕೈ ಹಾಕಬೇಡಿ. ಸಸಿಯನ್ನು ಮೊದಲಿಂದಲೂ ಸ್ಪಂಜಿನ ಬಿಲ್ಲೆಯಲ್ಲೋ ನೆಟ್ ಪಾಟಿನಲ್ಲೋ ಕೂರಿಸಿದ್ದರೆ ಅದನ್ನೇ ಹಿಡಿದು ಎತ್ತಬಹುದು. ಬೇರು ನೀರಿಂದ ಮೇಲೆ ಬಂದ ಕೂಡಲೇ ಒಂದಕ್ಕೊಂದು ಅಂಟಿ ಬಿಳಿ ಜಡೆಯ ಹಾಗೆ ಇಳಿಬೀಳುತ್ತದೆ. ಆ ತೂಕಕ್ಕೇ ಎಳೆಬೇರು ಮುರಿಯಬಹುದು. ಹಾಗಾಗಿ ಪಕ್ಕದಲ್ಲೇ ತೊಳೆಯುವ ಪಾತ್ರೆ ಇಟ್ಟುಕೊಂಡು ಬೇಗ ಇಳಿಸಿ.

ತೊಳೆಯುವುದೆಂದರೆ ನಲ್ಲಿ ಕೆಳಗೆ ಹಿಡಿಯುವುದಲ್ಲ. ಪಾತ್ರೆಯಲ್ಲಿ ಶುದ್ಧ ನೀರು, ಅದರಲ್ಲಿ ಬೇರು ಮುಳುಗಿಸಿ ನಿಧಾನ ಅಲ್ಲಾಡಿಸಿ, ನೀರು ಬದಲಿಸಿ, ಮತ್ತೆ ಅದೇ. ಬೇರಿನ ಹೊರಪದರದಲ್ಲಿ ಕೂತ ಉಪ್ಪು ಹೋಗಲು ಸ್ವಲ್ಪ ಹೊತ್ತು ಬೇಕು. ತೊಳೆದ ನೀರಿನ ಇಸಿ (ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ) ಅಳೆದರೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುತ್ತದೆ.

ಆಮೇಲೆ ಸಂಗ್ರಹದ ಪಾತ್ರೆ. ಗಾಜಿನದಾದರೆ ಒಳ್ಳೆಯದು, ಹೊರಗೆ ಅಲ್ಯುಮಿನಿಯಂ ಹಾಳೆ ಸುತ್ತಿ ಬೇರಿಗೆ ಕತ್ತಲೆ ಮಾಡಿ. ಬೆಳಕು ಬಿದ್ದರೆ ಪಾಚಿ ಬರುತ್ತದೆ, ಬೆಳಕಿಗೆ ಕೆಡುವ ವಸ್ತುಗಳೂ ಇವೆ. ಎಲೆಗೆ ಮಾತ್ರ ಎಂದಿನ ಬೆಳಕೇ ಇರಲಿ. ನೀರಿನ ಪ್ರಮಾಣ ಬೇರು ಮುಳುಗುವಷ್ಟಿದ್ದರೆ ಸಾಕು, ಜಾಸ್ತಿ ಹಾಕಿದಷ್ಟೂ ಸ್ರಾವ ತೆಳುವಾಗುತ್ತದೆ. ಗಾಳಿ ಗುಳ್ಳೆ ಬಿಡಿ. ಆಮ್ಲಜನಕ ಸಾಲದೆ ಹೋದರೆ ಬೇರು ಎಥನಾಲ್, ಲ್ಯಾಕ್ಟಿಕ್ ಆಮ್ಲ ಬಿಡಲು ಶುರುಮಾಡುತ್ತದೆ. ಆಗ ನೀವು ಅಳೆಯುವುದು ಉಸಿರುಗಟ್ಟಿದ ಬೇರನ್ನು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಹೆಚ್ಚೆಂದರೆ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ.

ಸಮಯ ಮುಗಿದ ಕೂಡಲೇ ಗಿಡ ತೆಗೆದು, ನೀರನ್ನು 0.22 ಮೈಕ್ರೋಮೀಟರ್ ಸೋಸುಕದಲ್ಲಿ ಸೋಸಿ, ತಕ್ಷಣ ಮಂಜುಗಡ್ಡೆಯ ಮೇಲೆ ಇಡಿ. ಅದೇ ದಿನ ಪರೀಕ್ಷಿಸದಿದ್ದರೆ ಮೈನಸ್ 20ರಲ್ಲಿ, ಸಾಧ್ಯವಾದರೆ ಮೈನಸ್ 80 ಡಿಗ್ರಿಯಲ್ಲಿ ಫ್ರೀಜ್ ಮಾಡಿ. ಬೇರನ್ನು ಎಸೆಯಬೇಡಿ. ಒಣಗಿಸಿ ತೂಕ ಮಾಡಿಟ್ಟುಕೊಳ್ಳಿ, ಲೆಕ್ಕಕ್ಕೆ ಬೇಕು.

ಮತ್ತೊಂದು ಪಾತ್ರೆಯನ್ನು ಗಿಡವಿಲ್ಲದೆ, ಉಳಿದೆಲ್ಲವನ್ನೂ ಹಾಗೇ ಮಾಡಿ ಇಡಿ. ಸ್ಪಂಜು, ಗಾಳಿ ಕೊಳವೆ, ಸೋಸುಕ ಎಲ್ಲವೂ ಇರಬೇಕು. ಪ್ಲಾಸ್ಟಿಕ್ ಕೊಳವೆಯಿಂದ ಅದನ್ನು ಮೆದುವಾಗಿಸಲು ಹಾಕುವ ಥ್ಯಾಲೇಟ್‌ಗಳು ನೀರಿಗೆ ಇಳಿಯುತ್ತವೆ. ಈ ಖಾಲಿ ಪಾತ್ರೆ ಇಲ್ಲದಿದ್ದರೆ ಅದನ್ನೂ ಗಿಡವೇ ಬಿಟ್ಟಿತು ಎಂದು ಬರೆದುಬಿಡುತ್ತೀರಿ.

ಬರೀ ಡಿಸ್ಟಿಲ್ಡ್ ನೀರು ಸಾಕಾ?

ಪರೀಕ್ಷೆಗೆ ಅದೇ ಸುಲಭ, ಬೇರಿಗೆ ಮಾತ್ರ ಕಷ್ಟ. ಉಪ್ಪಿನ ದ್ರಾವಣದಿಂದ ಒಮ್ಮೆಲೇ ಉಪ್ಪಿಲ್ಲದ ನೀರಿಗೆ ಬಂದರೆ ಕೋಶದೊಳಗೆ ನೀರು ನುಗ್ಗುತ್ತದೆ. ಕೋಶದ ಪೊರೆ ಗಟ್ಟಿಯಾಗಿರಲು ಕ್ಯಾಲ್ಸಿಯಂ ಬೇಕು, ಅದಿಲ್ಲದಿದ್ದರೆ ಸೋರಿಕೆ ಹೆಚ್ಚುತ್ತದೆ. ಅದಕ್ಕೇ 0.5 ಮಿಲಿಮೋಲಾರ್ ಆಸುಪಾಸಿನ ಕ್ಯಾಲ್ಸಿಯಂ ಕ್ಲೋರೈಡ್ ಅಥವಾ ಕ್ಯಾಲ್ಸಿಯಂ ಸಲ್ಫೇಟ್ ಹಾಕುವುದು ರೂಢಿ. ಗಂಟೆ ಎರಡು ಗಂಟೆಯ ಸಂಗ್ರಹಕ್ಕೆ ಬರೀ ನೀರು ನಡೆಯುತ್ತದೆ ಎನ್ನುವವರಿದ್ದಾರೆ. ನಮ್ಮ ಮತ ಕ್ಯಾಲ್ಸಿಯಂ ಕಡೆಗೆ.

ಎಷ್ಟು ಹೊತ್ತು ಇಡಬೇಕು? ರಾತ್ರಿಯಿಡೀ ಇಟ್ಟರೆ ಜಾಸ್ತಿ ಸಿಗುತ್ತದಲ್ವಾ?

ಸಿಗುವುದಿಲ್ಲ. ಬೇರು ಬಿಟ್ಟದ್ದನ್ನು ತಾನೇ ವಾಪಸ್ ತೆಗೆದುಕೊಳ್ಳುತ್ತದೆ. ಸಕ್ಕರೆಗೂ ಅಮೈನೋ ಆಮ್ಲಕ್ಕೂ ಅದರಲ್ಲಿ ಒಳಗೆಳೆಯುವ ಪ್ರೋಟೀನುಗಳಿವೆ. ನೀರಲ್ಲಿ ಗಟ್ಟಿ ಹೆಚ್ಚಿದಂತೆ ಒಳಹರಿವೂ ಹೆಚ್ಚುತ್ತದೆ, ಒಂದು ಹಂತದಲ್ಲಿ ಬಿಡುವುದೂ ಹೀರುವುದೂ ಸಮ ಆಗುತ್ತದೆ. ಆಮೇಲೆ ಎಷ್ಟು ಹೊತ್ತು ಇಟ್ಟರೂ ಅಷ್ಟೇ. ಅಷ್ಟರಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಏರಿರುತ್ತದೆ, ಗಿಡಕ್ಕೂ ಹಸಿವು. ಸಾಮಾನ್ಯವಾಗಿ 2ರಿಂದ 4 ಗಂಟೆ ಇಡುತ್ತಾರೆ. ಮೊದಲ ಸಲ ಮಾಡುವಾಗ ಒಂದೇ ಥರದ ಗಿಡಗಳನ್ನು ಬೇರೆಬೇರೆ ಅವಧಿ ಇಟ್ಟು, ಅವಧಿಗೆ ತಕ್ಕಂತೆ ಎಷ್ಟು ಸಿಕ್ಕಿತು ಎಂದು ಗೆರೆ ಎಳೆದು ನೋಡಿ. ಗೆರೆ ನೇರವಾಗಿ ಏರುವಷ್ಟು ಹೊತ್ತು ಮಾತ್ರ ನಂಬಬಹುದು.

ಯಾವ ಹೊತ್ತಿನಲ್ಲಿ ಎನ್ನುವುದೂ ಮುಖ್ಯ. ಬಾರ್ಲಿ ಮ್ಯುಜಿನಿಕ್ ಆಮ್ಲ ಬಿಡುವುದು ಬೆಳಗಾದ ಮೇಲಿನ ಕೆಲವು ಗಂಟೆಗಳಲ್ಲಿ, ಒಂದೇ ಏಟಿಗೆ. ಮಧ್ಯಾಹ್ನ ಊಟ ಮುಗಿಸಿ ಬಂದು ಸಂಗ್ರಹಿಸಿದರೆ ಹೆಚ್ಚುಕಡಿಮೆ ಏನೂ ಇರುವುದಿಲ್ಲ.

ಬ್ಯಾಕ್ಟೀರಿಯಾ ಕಾಟ ತಪ್ಪಿಸುವುದು ಹೇಗೆ?

ಪೂರ್ತಿ ತಪ್ಪಿಸಬೇಕೆಂದರೆ ಬೀಜವನ್ನು ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ ತೊಳೆದು, ಮುಚ್ಚಿದ ಕ್ರಿಮಿರಹಿತ ಪಾತ್ರೆಯಲ್ಲೇ ಗಿಡ ಬೆಳೆಸಬೇಕು. ಸಣ್ಣ ಗಿಡಕ್ಕೆ ಆಗುತ್ತದೆ, ಟೊಮೆಟೊದಷ್ಟು ದೊಡ್ಡ ಗಿಡಕ್ಕೆ ಕಷ್ಟ. ಸಂಗ್ರಹದ ನೀರಿಗೆ ನೀರು ಶುದ್ಧಿಗೆಂದು ಮಾರುವ, ಬೆಳ್ಳಿ ಇರುವ ಮೈಕ್ರೋಪುರ್ ಹಾಕುವ ಪದ್ಧತಿಯೂ ಇದೆ, ಮ್ಯುಜಿನಿಕ್ ಆಮ್ಲದ ಕೆಲಸದಲ್ಲಿ ಅದು ಸಾಮಾನ್ಯ. ಸೋಡಿಯಂ ಅಜೈಡ್ ಮಾತ್ರ ಗಿಡ ಇರುವಾಗ ಹಾಕಬೇಡಿ. ಅದು ಬ್ಯಾಕ್ಟೀರಿಯಾ ಜೊತೆ ಬೇರಿನ ಉಸಿರನ್ನೂ ನಿಲ್ಲಿಸುತ್ತದೆ, ನಿಮಗೂ ವಿಷ.

ಆದರೆ ಯೋಚಿಸಿ, ಕ್ರಿಮಿಯೇ ಇಲ್ಲದ ಬೇರು ಹೊರಗೆ ಎಲ್ಲಿದೆ? ಸೂಕ್ಷ್ಮಜೀವಿ ಇದ್ದಾಗ ಬೇರು ಬಿಡುವ ಪ್ರಮಾಣವೂ ಬಗೆಯೂ ಬದಲಾಗುತ್ತದೆ. ಗಿಡ ಏನು ಬಿಡಬಲ್ಲದು ಎಂಬ ಪ್ರಶ್ನೆಗೆ ಕ್ರಿಮಿರಹಿತ ಪಾತ್ರೆ ಸರಿ. ತೊಟ್ಟಿಯಲ್ಲಿ ನಿಜವಾಗಿ ಏನು ನಡೆಯುತ್ತಿದೆ ಎಂಬ ಪ್ರಶ್ನೆಗೆ ಅದು ಸರಿಯಲ್ಲ.

ಬೇರಿಗೆ ಗಾಯವಾಗಿದೆ ಎಂದು ಗೊತ್ತಾಗುವುದು ಹೇಗೆ?

ಇವಾನ್ಸ್ ಬ್ಲೂ ಬಣ್ಣದಲ್ಲಿ ಅದ್ದಿ ನೋಡಿ. ಸತ್ತ, ಹರಿದ ಕೋಶಕ್ಕೆ ಮಾತ್ರ ನೀಲಿ ಹತ್ತುತ್ತದೆ. ಸಂಗ್ರಹದ ನೀರಲ್ಲಿ ಪೊಟ್ಯಾಸಿಯಂ ಅಥವಾ ಇಸಿ ಇದ್ದಕ್ಕಿದ್ದಂತೆ ಏರಿದ್ದರೂ ಅನುಮಾನ ಪಡಿ. ಹತ್ತು ಗಿಡಗಳಲ್ಲಿ ಒಂದರಲ್ಲಿ ಮಾತ್ರ ಎಲ್ಲ ವಸ್ತುಗಳೂ ಒಟ್ಟಿಗೆ ಹಲವು ಪಟ್ಟು ಹೆಚ್ಚು ಬಂದರೆ ಅದು ಮುರಿದ ಬೇರಿನ ಗುರುತು.

ಸ್ರಾವ ತುಂಬಾ ತೆಳು. ಗಟ್ಟಿ ಮಾಡುವುದು ಹೇಗೆ?

ಸುಲಭದ್ದು ಫ್ರೀಜ್ ಡ್ರೈ ಮಾಡುವುದು. ನೀರು ಹೋಗುತ್ತದೆ, ಆದರೆ ಉಪ್ಪೂ ಜೊತೆಗೇ ಗಟ್ಟಿಯಾಗುತ್ತದೆ. ಬೇಗ ಆವಿಯಾಗುವ ವಸ್ತುಗಳು ಹೋಗೇಬಿಡುತ್ತವೆ.

ಫೀನಾಲಿಕ್‌ನಂಥ ನೀರಿಗೆ ಅಷ್ಟಾಗಿ ಒಗ್ಗದ ವಸ್ತುಗಳಿಗೆ ರಾಳದ ದಾರಿ ಒಳ್ಳೆಯದು. ಬೇರಿನ ನೀರನ್ನು ಎಕ್ಸ್‌ಎಡಿ-4 ರಾಳದ ಕೊಳವೆಯ ಮೂಲಕ ಹರಿಸಿ ಮತ್ತೆ ಬೇರಿಗೇ ಬಿಡುವುದು. ನೀರು ಸುತ್ತುತ್ತಲೇ ಇರುತ್ತದೆ, ಬೇರಿನ ವಸ್ತು ರಾಳದಲ್ಲಿ ಸಿಕ್ಕಿಕೊಳ್ಳುತ್ತಾ ಹೋಗುತ್ತದೆ, ಪೋಷಕಾಂಶ ಗಿಡಕ್ಕೇ ವಾಪಸ್. ಟ್ಯಾಂಗ್ ಮತ್ತು ಯಂಗ್ 1982ರಲ್ಲಿ ಪ್ರಕಟಿಸಿದ ಉಪಾಯ ಇದು. ಬೇರನ್ನು ಮುಟ್ಟಬೇಕಾಗಿಲ್ಲ, ಗಿಡವನ್ನು ಹಸಿವಿಗೆ ತಳ್ಳಬೇಕಾಗಿಲ್ಲ, ದಿನಗಟ್ಟಲೆ ಸಂಗ್ರಹಿಸಬಹುದು. ಸಕ್ಕರೆ, ಅಮೈನೋ ಆಮ್ಲ ಮಾತ್ರ ಇದರಲ್ಲಿ ನಿಲ್ಲುವುದಿಲ್ಲ, ಜಾರಿಹೋಗುತ್ತವೆ.

ಯಾವ ಯಂತ್ರದಲ್ಲಿ ಅಳೆಯಬೇಕು?

ನಿಮಗೆ ಏನು ಬೇಕು ಎಂಬುದರ ಮೇಲೆ. ಸಾವಯವ ಆಮ್ಲಕ್ಕೆ ಎಚ್‌ಪಿಎಲ್‌ಸಿ ಸಾಕು, ಅದು ದ್ರವದಲ್ಲಿ ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ. ಸಣ್ಣ ಅಣುಗಳನ್ನೆಲ್ಲ ಒಮ್ಮೆಗೆ ನೋಡಲು ಜಿಸಿ-ಎಂಎಸ್, ಅಂದರೆ ವಸ್ತುಗಳನ್ನು ಆವಿಯಾಗಿಸಿ ಬೇರ್ಪಡಿಸಿ ಮಾಸ್ ಸ್ಪೆಕ್ಟ್ರೋಮೀಟರಿಗೆ ಕೊಡುವ ಯಂತ್ರ. ಅದಕ್ಕೆ ಮಾದರಿ ಪೂರ್ತಿ ಒಣಗಿರಬೇಕು, ಇಲ್ಲದಿದ್ದರೆ ವಸ್ತುಗಳು ಸುಲಭವಾಗಿ ಆವಿಯಾಗಲೆಂದು ಹಾಕುವ ಸಿಲೈಲ್ ಕಾರಕ ನೀರಿನೊಂದಿಗೇ ಖರ್ಚಾಗಿಬಿಡುತ್ತದೆ. ಫ್ಲೇವನಾಯ್ಡ್, ಸ್ಟ್ರೈಗೋಲ್ಯಾಕ್ಟೋನ್‌ಗೆ ಎಲ್‌ಸಿ-ಎಂಎಸ್, ಇದರಲ್ಲಿ ಬೇರ್ಪಡಿಸುವುದು ದ್ರವದಲ್ಲೇ. ಸ್ಟ್ರೈಗೋಲ್ಯಾಕ್ಟೋನ್ ಪಿಕೋಗ್ರಾಂ ಲೆಕ್ಕದಲ್ಲಿ ಬರುವ ವಸ್ತು, ಕ್ಷಾರದ ನೀರಲ್ಲಿ ಒಡೆದುಹೋಗುತ್ತದೆ, ರಂಜಕ ಧಾರಾಳವಾಗಿ ಕೊಟ್ಟರೆ ಗಿಡ ಅದನ್ನು ಬಿಡುವುದನ್ನೇ ಕಡಿಮೆ ಮಾಡುತ್ತದೆ.

ದೊಡ್ಡ ಯಂತ್ರ ಇಲ್ಲದವರಿಗೆ ಹಳೆಯ ಬಣ್ಣದ ಪರೀಕ್ಷೆಗಳು ಇದ್ದೇ ಇವೆ. ಒಟ್ಟು ಸಕ್ಕರೆಗೆ ಆಂಥ್ರೋನ್, ಅಮೈನೋ ಆಮ್ಲಕ್ಕೆ ನಿನ್‌ಹೈಡ್ರಿನ್, ಫೀನಾಲಿಕ್‌ಗೆ ಫೋಲಿನ್ ಸಿಯೋಕಾಲ್ಟೊ. ಹೆಸರು ಹಿಡಿದು ಹೇಳುವುದಿಲ್ಲ, ಒಟ್ಟು ಮೊತ್ತ ಹೇಳುತ್ತವೆ. ಎಷ್ಟೋ ಪ್ರಶ್ನೆಗಳಿಗೆ ಅಷ್ಟೇ ಸಾಕು.

ಬಂದ ಸಂಖ್ಯೆಯನ್ನು ಹೇಗೆ ಬರೆಯಬೇಕು?

ಬೇರಿನ ಒಣ ತೂಕಕ್ಕೆ, ಗಂಟೆಗೆ ಎಷ್ಟು ಎಂದು. ಲೀಟರಿಗೆ ಎಷ್ಟು ಎಂದು ಬರೆದು ಬಿಟ್ಟರೆ ಬೇರೆಯವರಿಗೆ ಉಪಯೋಗವಿಲ್ಲ. ಉದಾಹರಣೆಗೆ 200 ಮಿಲಿಲೀಟರ್ ನೀರು, ಅದರಲ್ಲಿ ಸಿಟ್ರಿಕ್ ಆಮ್ಲ 15 ಮೈಕ್ರೋಮೋಲಾರ್ ಎಂದುಕೊಳ್ಳಿ. ಒಟ್ಟು 3 ಮೈಕ್ರೋಮೋಲ್ ಆಯಿತು. ಬೇರಿನ ಒಣ ತೂಕ 0.5 ಗ್ರಾಂ, ಇಟ್ಟದ್ದು 2 ಗಂಟೆ. ಅಂದರೆ ಗ್ರಾಂ ಬೇರಿಗೆ, ಗಂಟೆಗೆ 3 ಮೈಕ್ರೋಮೋಲ್. ಜೊತೆಗೆ ಗಿಡದ ವಯಸ್ಸು, ದಿನದ ಹೊತ್ತು, ಸಂಗ್ರಹದ ದ್ರಾವಣ, ಕ್ರಿಮಿರಹಿತವೋ ಅಲ್ಲವೋ, ಇಷ್ಟನ್ನೂ ಬರೆಯಿರಿ.

ದ್ರಾವಣದ ಪಿಎಚ್ ತಾನಾಗೇ ಏರಿಳಿಯುವುದೂ ಸ್ರಾವದಿಂದಲೇ?

ಬಹುಪಾಲು ಸಾರಜನಕದ ರೂಪದಿಂದ. ಅಮೋನಿಯಂ ಹೀರಿದರೆ ಬೇರು ಹೈಡ್ರೋಜನ್ ಅಯಾನು ಬಿಡುತ್ತದೆ, ಪಿಎಚ್ ಇಳಿಯುತ್ತದೆ. ನೈಟ್ರೇಟ್ ಹೀರಿದರೆ ಏರುತ್ತದೆ. ಸಾವಯವ ಆಮ್ಲದ ಪಾಲು ಅದರಲ್ಲಿ ಸಣ್ಣದು.

ಒಂದೇ ನೀರನ್ನು ಮತ್ತೆ ಮತ್ತೆ ಬಳಸಿದರೆ ಸ್ರಾವ ಸೇರಿಕೊಂಡು ಗಿಡಕ್ಕೇ ತೊಂದರೆ ಆಗುತ್ತಾ?

ಕೆಲವು ಬೆಳೆಗಳಲ್ಲಿ ಆಗುತ್ತದೆ. ಇದಕ್ಕೆ ಸ್ವವಿಷ ಎನ್ನುತ್ತಾರೆ. ಸೌತೆಯಲ್ಲಿ ಇದು ಚೆನ್ನಾಗಿ ದಾಖಲಾಗಿದೆ. 1994ರಲ್ಲಿ ಯು ಮತ್ತು ಮಾತ್ಸುಯಿ ಹೈಡ್ರೋಪೋನಿಕ್ಸ್ ಸೌತೆಯ ಬೇರಿನ ಸ್ರಾವದಲ್ಲಿ ಬೆಂಜೋಯಿಕ್ ಮತ್ತು ಸಿನ್ನಮಿಕ್ ಆಮ್ಲದ ಗುಂಪಿನ ವಸ್ತುಗಳನ್ನು ಗುರುತಿಸಿದರು. ನೀರು ಬದಲಿಸದೆ ಬೆಳೆಸಿದ ಸ್ಟ್ರಾಬೆರಿಯಲ್ಲೂ ಬೆಂಜೋಯಿಕ್ ಆಮ್ಲವೇ ಮುಖ್ಯ ಅಪರಾಧಿ ಎಂದು ಜಪಾನಿನ ಅಧ್ಯಯನಗಳು ಹೇಳುತ್ತವೆ. ಲೆಟ್ಯೂಸ್, ಆಸ್ಪರಾಗಸ್ ಕೂಡ ಈ ಪಟ್ಟಿಯಲ್ಲಿವೆ.

ಎಲ್ಲ ಸಲವೂ ಕೆಟ್ಟದ್ದೇ ಎಂದೇನಿಲ್ಲ. ಅಮೆರಿಕದ ನಾಸಾ ಬಾಹ್ಯಾಕಾಶದಲ್ಲಿ ಆಹಾರ ಬೆಳೆಯುವ ಯೋಜನೆಗಾಗಿ ಕೆನಡಿ ಕೇಂದ್ರದಲ್ಲಿ ಆಲೂಗಡ್ಡೆಯನ್ನು ಸುತ್ತುವ ನೀರಿನಲ್ಲಿ ಬೆಳೆಸುತ್ತಿತ್ತು. ಹಳೆಯ ಬೆಳೆಯ ನೀರನ್ನೇ ಹೊಸ ಬೆಳೆಗೆ ಕೊಟ್ಟಾಗ ಗಿಡ ಕುಳ್ಳಾಯಿತು, ಗೆಡ್ಡೆ ಮಾತ್ರ ಬೇಗ ಕಟ್ಟಿತು. ಗೆಡ್ಡೆ ಕಟ್ಟಿಸುವ ಏನೋ ಒಂದು ವಸ್ತು ನೀರಲ್ಲಿ ಸೇರಿಕೊಂಡಿರಬೇಕು ಎಂದು 1995ರಲ್ಲಿ ವರದಿ ಮಾಡಿದರು. ಮಣ್ಣಲ್ಲಾಗಿದ್ದರೆ ಇದು ಕಣ್ಣಿಗೇ ಬೀಳುತ್ತಿರಲಿಲ್ಲ.

ಆದರೆ ಇಳುವರಿ ಇಳಿದ ಕೂಡಲೇ ಸ್ವವಿಷ ಎಂದು ಹಾರಬೇಡಿ. ಮರುಬಳಕೆಯ ನೀರಲ್ಲಿ ಸೋಡಿಯಂ, ಕ್ಲೋರೈಡ್ ಸೇರುವುದು, ಪೋಷಕಾಂಶದ ಹದ ತಪ್ಪುವುದು, ಬೇರುಕೊಳೆ ಬರುವುದು ಇದಕ್ಕಿಂತ ಜಾಸ್ತಿ. ಪರೀಕ್ಷೆ ಹೀಗೆ ಮಾಡಿ. ಹಳೆಯ ನೀರನ್ನು ಎರಡು ಪಾಲು ಮಾಡಿ, ಒಂದನ್ನು ಆಕ್ಟಿವೇಟೆಡ್ ಇದ್ದಿಲಿನಲ್ಲಿ ಹಾಯಿಸಿ, ಎರಡಕ್ಕೂ ಪೋಷಕಾಂಶ ಮತ್ತು ಪಿಎಚ್ ಸರಿಮಾಡಿ ಹೊಸ ಸಸಿ ಇಡಿ. ಇದ್ದಿಲು ಕಂಡ ನೀರಲ್ಲಿ ಮಾತ್ರ ಸಸಿ ಚೇತರಿಸಿಕೊಂಡರೆ ಅನುಮಾನಕ್ಕೆ ಬಲ ಬಂತು.

ಹಾಗಾದರೆ ತೊಟ್ಟಿಗೆ ಯಾವಾಗಲೂ ಇದ್ದಿಲು ಹಾಕಿಟ್ಟರೆ ಆಯ್ತಲ್ವಾ?

ಇದ್ದಿಲಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಿಲ್ಲ. ಕಬ್ಬಿಣದ ಚೀಲೇಟನ್ನೂ (ಇಡಿಟಿಎಯಂಥ ವಸ್ತು ಹಿಡಿದಿಟ್ಟ ಕಬ್ಬಿಣ) ಹೀರಿಕೊಳ್ಳುತ್ತದೆ, ಆಮೇಲೆ ಎಳೆ ಎಲೆ ಹಳದಿಯಾಗುತ್ತದೆ. ಕಬ್ಬಿಣ ಅಳೆದು ಮತ್ತೆ ಸೇರಿಸುವುದಾದರೆ ಮಾತ್ರ ಬಳಸಿ. ದ್ರಾವಣಕ್ಕೆ ವಿದ್ಯುತ್ ಹಾಯಿಸಿ ಬೆಂಜೋಯಿಕ್ ಆಮ್ಲ ಒಡೆಯುವ ವಿಧಾನವನ್ನೂ ಸ್ಟ್ರಾಬೆರಿಯಲ್ಲಿ ಪರೀಕ್ಷಿಸಿದ್ದಾರೆ. ಮನೆಯ ಮಟ್ಟಿಗೆ ಆಗಾಗ ನೀರು ಬದಲಿಸುವುದೇ ಸರಳ.

ನೀರು ಹಳದಿಯಾಗಿದೆ, ನೊರೆ ಬರುತ್ತಿದೆ. ಇದೂ ಸ್ರಾವವೇ?

ನೊರೆ ಸಾಮಾನ್ಯವಾಗಿ ಪ್ರೋಟೀನು, ಲೋಳೆ, ಸೂಕ್ಷ್ಮಜೀವಿಗಳ ಕೆಲಸ. ಹಳದಿ ಬಣ್ಣಕ್ಕೆ ಚೀಲೇಟ್ ಕಬ್ಬಿಣವೇ ಕಾರಣ ಇರಬಹುದು. ಕಬ್ಬಿಣ ಸಾಲದ ಸೌತೆ ಬೇರು ರೈಬೋಫ್ಲೇವಿನ್ ಬಿಡುವುದೂ ಉಂಟು, ಅದು ಹಳದಿ. ಕೆಟ್ಟ ವಾಸನೆ ಇದ್ದು ಬೇರು ಕಂದಾಗಿದ್ದರೆ ಅದು ಕೊಳೆ, ಸ್ರಾವದ ಮಾತು ಆಮೇಲೆ.

ಬೇರುಕೊಳೆಗೂ ಸ್ರಾವಕ್ಕೂ ಸಂಬಂಧ ಇದೆಯಾ?

ಇದೆ. ಬೇರುಕೊಳೆ ತರುವ ಪಿಥಿಯಂ ಎಂಬ ಸೂಕ್ಷ್ಮಜೀವಿ ನೀರಲ್ಲಿ ಈಜುವ ಬೀಜಕಣ ಬಿಡುತ್ತದೆ. ಅವು ಬೇರು ಹುಡುಕುವುದು ಸ್ರಾವದ ಜಾಡು ಹಿಡಿದೇ. ಅಮೈನೋ ಆಮ್ಲ, ಸಕ್ಕರೆ, ಆಮ್ಲಜನಕ ಸಾಲದ ಬೇರು ಬಿಡುವ ಎಥನಾಲ್, ಎಲ್ಲವೂ ಅವಕ್ಕೆ ಕೈಕಂಬ. ಬೇರಿಗೆ ಗಾಯವಾದ ಜಾಗಕ್ಕೆ, ಎಳೆಯ ತುದಿಗೆ ಮುತ್ತಿಕೊಳ್ಳುತ್ತವೆ. ಹಾಗಾಗಿ ನೀರಿಗೆ ಗಾಳಿ ಚೆನ್ನಾಗಿ ಆಡಿಸುವುದು ಎರಡು ಕಡೆಯಿಂದಲೂ ಲಾಭ.

ಬೇರು ಬಿಡಿ, ಎಲೆಯಿಂದ ಗಾಳಿಗೆ ಹೋಗುವುದನ್ನೂ ಅಳೆಯಬಹುದಾ?

ಅಳೆಯಬಹುದು. ಹೈಡ್ರೋಪೋನಿಕ್ಸ್‌ನಲ್ಲಿ ಮಣ್ಣಿನ ವಾಸನೆ ಬೆರೆಯುವುದಿಲ್ಲ, ಅದೇ ಅನುಕೂಲ. ಗಿಡದ ಮೇಲ್ಭಾಗವನ್ನು ಗಾಜಿನ ಗೂಡಲ್ಲಿಟ್ಟು, ಶುದ್ಧ ಗಾಳಿ ಒಳಗೆ ಬಿಟ್ಟು, ಹೊರಹೋಗುವ ಗಾಳಿಯನ್ನು ಹೀರುವ ವಸ್ತುವಿನ ಮೇಲೆ ಹಾಯಿಸಿ ಜಿಸಿ-ಎಂಎಸ್‌ಗೆ ಕೊಡುತ್ತಾರೆ. ಎಲೆ ಹರಿದಾಗ ಬರುವ ಹಸಿ ವಾಸನೆ, ಟೊಮೆಟೊ ಮತ್ತು ತುಳಸಿ ಜಾತಿಯ ವಾಸನೆಯ ಟರ್ಪೀನ್‌ಗಳು, ಕೀಟ ಕಡಿದಾಗ ಬರುವ ಮೀಥೈಲ್ ಸ್ಯಾಲಿಸಿಲೇಟ್ ಹೀಗೆ ಸಿಗುತ್ತವೆ. ಗೂಡಿಗೆ ಹಾಕುವಾಗ ಎಲೆ ಸ್ವಲ್ಪ ಮಡಚಿದರೂ ಸಾಕು, ಹಸಿ ವಾಸನೆಯೇ ಮೇಲುಗೈ. ಹಿಂದಿನ ದಿನವೇ ಗಿಡ ಹೊಂದಿಸಿಟ್ಟುಕೊಳ್ಳಿ.

ಮುಚ್ಚಿದ ಕೋಣೆಯಲ್ಲಿ ಬೆಳೆಸುವವರು ಎಥಿಲೀನ್ ಕಡೆ ಗಮನ ಕೊಡಲೇಬೇಕು. ನೂರು ಕೋಟಿ ಪಾಲಿನಲ್ಲಿ ಕೆಲವು ಹತ್ತು ಪಾಲು ಸೇರಿದರೂ ಹೂ ಉದುರುವುದು, ಎಲೆ ಬಾಗುವುದು ಶುರುವಾಗುತ್ತದೆ.

ಲ್ಯಾಬ್ ಇಲ್ಲದವರು ಏನಾದರೂ ಮಾಡಿ ನೋಡಬಹುದಾ?

ಎರಡು ಪ್ರಯೋಗಗಳಿವೆ. ಮೊದಲನೆಯದು ಬೀಜದ ಪರೀಕ್ಷೆ. ಹಳೆಯ ದ್ರಾವಣದಲ್ಲಿ ಒದ್ದೆ ಮಾಡಿದ ಕಾಗದದ ಮೇಲೆ ಲೆಟ್ಯೂಸ್ ಬೀಜ ಇಡಿ. ಪಕ್ಕದಲ್ಲಿ ಅಷ್ಟೇ ಇಸಿ, ಅಷ್ಟೇ ಪಿಎಚ್ ಇರುವ ಹೊಸ ದ್ರಾವಣದಲ್ಲಿ ಇನ್ನೊಂದಷ್ಟು ಬೀಜ. ಮೊಳಕೆಗಿಂತ ಬೇರಿನ ಉದ್ದ ಅಳೆಯಿರಿ, ವ್ಯತ್ಯಾಸ ಮೊದಲು ಕಾಣುವುದು ಅಲ್ಲೇ. ಇಸಿ ಸಮ ಮಾಡದೆ ಬರೀ ನೀರಿಗೆ ಹೋಲಿಸಿದರೆ ನೀವು ನೋಡುವುದು ಉಪ್ಪಿನ ಪರಿಣಾಮವನ್ನು.

ಎರಡನೆಯದು ನೋಡಲು ಚೆಂದ. ಅಗಾರ್ ಕರಗಿಸಿ, ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಬ್ರೋಮೋಕ್ರೆಸಾಲ್ ಪರ್ಪಲ್ ಸ್ವಲ್ಪ ಹಾಕಿ, ಪಿಎಚ್ 6ರ ಆಸುಪಾಸಿಗೆ ತಂದು ತಟ್ಟೆಗೆ ಸುರಿಯಿರಿ. ಅಗಾರ್ ಇನ್ನೂ ಉಗುರುಬೆಚ್ಚಗಿರುವಾಗ ಸಸಿಯ ಬೇರನ್ನು ಅದರಲ್ಲಿ ಮೆಲ್ಲಗೆ ಮಲಗಿಸಿ. ಬೇರು ಆಮ್ಲ ಮಾಡುವ ಕಡೆ ಹಳದಿ, ಕ್ಷಾರ ಮಾಡುವ ಕಡೆ ನೇರಳೆ. ಒಂದು ತಟ್ಟೆಗೆ ಅಮೋನಿಯಂ, ಇನ್ನೊಂದಕ್ಕೆ ನೈಟ್ರೇಟ್ ಹಾಕಿ ನೋಡಿ, ಕೆಲವು ಗಂಟೆಗಳಲ್ಲೇ ಬಣ್ಣ ಬೇರೆಯಾಗುತ್ತದೆ. ಒಂದೇ ಬೇರಿನ ತುದಿಗೂ ಹಿಂಭಾಗಕ್ಕೂ ಬಣ್ಣ ಬೇರೆ ಬಂದರೆ ಗಾಬರಿ ಬೇಡ, ಬೇರಿನ ಉದ್ದಕ್ಕೂ ಒಂದೇ ಕೆಲಸ ನಡೆಯುವುದಿಲ್ಲ. ತಟ್ಟೆಯನ್ನು ಬಿಳಿ ಕಾಗದದ ಮೇಲಿಟ್ಟು ಗಂಟೆಗೊಂದು ಫೋಟೊ ತೆಗೆದಿಟ್ಟುಕೊಳ್ಳಿ. ಮಾರನೇ ದಿನಕ್ಕೆ ಬಣ್ಣ ಹರಡಿ ಎಲ್ಲ ಒಂದೇ ಆಗಿಬಿಡುತ್ತದೆ.